ಸೋಸುವ ಬಟ್ಟೆಗೆ ಸಿಗದ ಹಿಂಸೆ

ಕೊಲ್ಹಾಪುರದ ಪಂಚಗಂಗೆ ನರಸೋಬವಾಡಿಯಲ್ಲಿ ಕೃಷ್ಣೆಯನ್ನು ಕೂಡುತ್ತದೆ. ಮುಂದೆ ಕೃಷ್ಣೆ ಕರ್ನಾಟಕವನ್ನು ಪ್ರವೇಶಿಸುತ್ತದೆ. ಈ ದಂಡೆಗಳ ಕಬ್ಬಿನ ಸೀಮೆಯಲ್ಲಿ ಜೈನರ ಒಕ್ಕಲುತನ ತಲೆಮಾರುಗಳಿಂದ ಬೇರೂರಿದೆ. ಮುಂಬಯಿ, ಪುಣೆಗಳಲ್ಲಿ ನೆಲೆಸಿದ ನಮ್ಮ ಎಷ್ಟೋ ಕುಟುಂಬಗಳಿಗೆ ಇಂದಿಗೂ ಅಲ್ಲಿ ಜಮೀನಿದೆ. ಆದ್ದರಿಂದ ಆ ನದಿಯ ಮಾಲಿನ್ಯ ನಮಗೆ ದೂರದ ಸುದ್ದಿಯಲ್ಲ.

ಪಂಚಗಂಗೆಯ ದುಃಸ್ಥಿತಿಗೆ ನಗರಗಳ ಚರಂಡಿ ಮತ್ತು ಕಾರ್ಖಾನೆಗಳ ತ್ಯಾಜ್ಯ ಕಾರಣವೆಂಬುದು ನಿಜ. ಆದರೂ ಹೊಲದ ಪಾಲನ್ನು ಮರೆಮಾಚಲಾಗದು. ಬೆಳೆ ಹೀರದೆ ಉಳಿದ ಸಾರಜನಕ ನೈಟ್ರೇಟ್ ಆಗಿ ನೀರಿನೊಡನೆ ಬಸಿಯುತ್ತದೆ. ರಂಜಕ ಕೊಚ್ಚಿಹೋಗುವ ಮಣ್ಣಿನೊಡನೆ ಹೊಳೆಗಿಳಿಯುತ್ತದೆ. ಅದನ್ನುಂಡು ಪಾಚಿಯೂ ಜಲಕಳೆಯೂ ಹಬ್ಬುತ್ತವೆ. ಅವು ಕೊಳೆಯುವಾಗ ನೀರಿನ ಆಮ್ಲಜನಕ ತೀರಿ ಮೀನುಗಳು ಉಸಿರುಗಟ್ಟಿ ಸಾಯುತ್ತವೆ.

ನೀರನ್ನು ಸೋಸಿ ಕುಡಿಯುವುದು, ಬಟ್ಟೆಯಲ್ಲಿ ಉಳಿದ ಜೀವಿಗಳನ್ನು ತಂದ ನೀರಿಗೇ ಮರಳಿಸುವುದು ನಮ್ಮ ಶ್ರಾವಕಾಚಾರ. ಕರಗಿದ ನೈಟ್ರೇಟನ್ನು ಯಾವ ಬಟ್ಟೆಯೂ ತಡೆಯದು. ಉಸಿರಿಲ್ಲದ ನೀರಿಗೆ ಜೀವಿಗಳನ್ನು ಮರಳಿಸಿದರೆ ಅದು ದಯೆಯೆನಿಸೀತೇ? ಅಡುಗೆಮನೆಯಲ್ಲಿ ಪಾಲಿಸುವ ಅಹಿಂಸೆ ಹೊಲದ ಬದುವಿನವರೆಗೂ ನಡೆಯಬೇಕು.

ರೈತನೊಬ್ಬನನ್ನೇ ದೂಷಿಸುವುದು ಅನ್ಯಾಯ. 2010ರಲ್ಲಿ ಕೇಂದ್ರ ಸರಕಾರ ಪೋಷಕಾಂಶ ಆಧಾರಿತ ಸಹಾಯಧನ ಪದ್ಧತಿಯನ್ನು ತಂದಾಗ ಯೂರಿಯಾವನ್ನು ಹೊರಗಿಟ್ಟಿತು. ಉಳಿದ ಗೊಬ್ಬರಗಳ ಬೆಲೆ ಏರಿತು. ಯೂರಿಯಾ ಅಗ್ಗವಾಗಿಯೇ ಉಳಿಯಿತು. ಸಹಜವಾಗಿ ಕೈ ಅಗ್ಗದ ಚೀಲದತ್ತ ಹೋಯಿತು. 2015ರಲ್ಲಿ ಯೂರಿಯಾಕ್ಕೆ ಬೇವಿನ ಲೇಪನ ಕಡ್ಡಾಯವಾಯಿತು, ಮಣ್ಣು ಆರೋಗ್ಯ ಚೀಟಿಯೂ ಬಂದಿತು. ಬೆಲೆಯ ವಕ್ರತೆ ಮಾತ್ರ ಹಾಗೆಯೇ ಇದೆ. ಮತದ ಲೆಕ್ಕ ಹಾಕುವ ಪಕ್ಷಗಳು ಅದನ್ನು ಮುಟ್ಟಲು ಹಿಂಜರಿಯುತ್ತವೆ. ಯೂರಿಯಾವನ್ನೂ ಅದೇ ಪದ್ಧತಿಯೊಳಗೆ ತಂದು, ಉಳಿತಾಯವಾಗುವ ಹಣವನ್ನು ರೈತರ ಖಾತೆಗೇ ಸಲ್ಲಿಸುವುದು ನ್ಯಾಯವಾದ ಮಾರ್ಗ.

ಅದಕ್ಕಾಗಿ ಕಾಯದೆ ನಾವು ಮಾಡಬಹುದಾದುದೂ ಇದೆ. ಜಮೀನನ್ನು ಗೇಣಿಗೆ ಕೊಟ್ಟು ನಗರದಲ್ಲಿರುವವರು ಇಳುವರಿಯ ಲೆಕ್ಕ ಕೇಳುತ್ತಾರೆ. ಇನ್ನು ಗೊಬ್ಬರದ ಲೆಕ್ಕವನ್ನೂ ಕೇಳಲಿ. ಮಣ್ಣು ಪರೀಕ್ಷೆ ಮತ್ತು ಹನಿ ನೀರಾವರಿಯ ಖರ್ಚಿನಲ್ಲಿ ಪಾಲು ಹೊರಲಿ. ಗೊಬ್ಬರವನ್ನು ಒಮ್ಮೆಗೇ ಸುರಿಯದೆ ಕಂತುಗಳಲ್ಲಿ ಕೊಡಿಸಲಿ. ಹೊಳೆಯಂಚಿನಲ್ಲಿ ಹುಲ್ಲಿನ ಪಟ್ಟಿ ಬಿಟ್ಟ ಗೇಣಿದಾರನಿಗೆ ಅಷ್ಟು ಗೇಣಿ ಬಿಟ್ಟುಕೊಡಲಿ. ಬಸದಿಯ ಟ್ರಸ್ಟುಗಳು ಪಂಚಕಲ್ಯಾಣದ ಮೆರವಣಿಗೆಗೆ ವ್ಯಯಿಸುವ ಹಣದ ಒಂದಂಶವನ್ನು ಊರಿನ ಮಣ್ಣು ಪರೀಕ್ಷೆಗೆ ಮೀಸಲಿಟ್ಟರೆ ಧರ್ಮಪ್ರಭಾವನೆಗೆ ಕುಂದು ಬಾರದು. ಕೆಳದಂಡೆಯ ಊರುಗಳು ಕುಡಿಯುವುದು ನಮ್ಮ ಹೊಲಗಳನ್ನು ದಾಟಿ ಹೋದ ನೀರನ್ನೇ.