ಅಜ್ಜಿಯ ಕನ್ನಡ ಬಿಡಿಸಬೇಡಿ

ತಮಿಳುನಾಡಿನ ತೇನಿ ಜಿಲ್ಲೆಯ ಕಣಿವೆಯಲ್ಲಿ ನಸುಕಿನಲ್ಲೇ ಕಂಬಂ, ಗೂಡಲೂರು, ಬೋಡಿನಾಯಕನೂರಿನಿಂದ ಜೀಪುಗಳು ಹೊರಡುತ್ತವೆ. ಕೂಲಿ ಹೆಂಗಸರನ್ನು ತುಂಬಿಕೊಂಡು ಘಟ್ಟ ಹತ್ತಿ, ಕೇರಳದ ಇಡುಕ್ಕಿಯ ಏಲಕ್ಕಿ ತೋಟಗಳಿಗೆ ಹೋಗಿ, ಸಂಜೆ ಇಳಿದು ಬರುತ್ತವೆ. ಘಟ್ಟ ಹತ್ತದವರಿಗೆ ಕೆಳಗೆ ದ್ರಾಕ್ಷಿ ತೋಟಗಳ ಕೆಲಸವಿದೆ. ಇಂಥ ಎಷ್ಟೋ ಮನೆಗಳಲ್ಲಿ ಮಗು ಹಗಲೆಲ್ಲ ಅಜ್ಜಿಯ ಕೈಯಲ್ಲಿ. ಮನೆ ಕಪ್ಪಿಲಿಯ ಒಕ್ಕಲಿಗರದಾದರೆ ಆ ಅಜ್ಜಿಯ ಮಾತು ಕನ್ನಡ. ತಲೆಮಾರುಗಳ ಹಿಂದೆ ವಲಸೆ ಬಂದವರ ಓದು, ಬರಹ, ವ್ಯವಹಾರ ಎಲ್ಲವೂ ತಮಿಳಾದ ಮೇಲೂ ಒಲೆಯ ಮುಂದೆ ಉಳಿದುಕೊಂಡ ಕನ್ನಡ ಅದು. ದಿಂಡಿಗಲ್ ಪಕ್ಕದ ಚಿನ್ನಾಳಪಟ್ಟಿಯ ದೇವಾಂಗ ನೇಕಾರರಲ್ಲೂ ಕನ್ನಡದ ಮನೆಗಳಿವೆ.

ಇಂಥ ಮನೆಯಲ್ಲಿ ಎರಡೂವರೆ ವರ್ಷದ ಮಗು ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ ಎಂದಿಟ್ಟುಕೊಳ್ಳಿ. ಆಟದ ಗಾಡಿಯ ಚಕ್ರವನ್ನೇ ಗಂಟೆಗಟ್ಟಲೆ ತಿರುಗಿಸುತ್ತದೆ. ಕಿವಿ ಕೇಳಿಸುತ್ತಿಲ್ಲವೇನೋ ಎಂಬ ಅನುಮಾನ ಮೊದಲು. ಗಂಡುಮಕ್ಕಳಿಗೆ ಮಾತು ತಡ ಎನ್ನುವ ಸಮಾಧಾನ ಆಮೇಲೆ. ದೃಷ್ಟಿ ತೆಗೆಸಿ, ಹರಕೆ ಹೊತ್ತು, ಕಾದು ನೋಡುವುದರಲ್ಲಿ ವರ್ಷ ಉರುಳುತ್ತದೆ. ಇವು ಆಟಿಸಂನ ಲಕ್ಷಣಗಳಾಗಿರಬಹುದು. ಆಟಿಸಂನಲ್ಲಿ ಬೇಗ ಶುರುವಾದ ತರಬೇತಿಯಿಂದ ಹೆಚ್ಚು ಪ್ರಯೋಜನ ಸಿಗುವುದು ಆ ವಯಸ್ಸಿನಲ್ಲೇ.

ಕಾನೂನಿಗೆ ಕೊರತೆಯಿಲ್ಲ. 2013ರಲ್ಲಿ ಶುರುವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ ಅಂಗನವಾಡಿ, ಶಾಲೆಗಳಿಗೇ ಹೋಗಿ ಮಕ್ಕಳನ್ನು ತಪಾಸಣೆ ಮಾಡಬೇಕು. ಬೆಳವಣಿಗೆ ತಡವಾದವರನ್ನು ಜಿಲ್ಲಾ ಕೇಂದ್ರಕ್ಕೆ ಕಳಿಸಬೇಕು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಗುರುತಿಸಿದ 21 ಬಗೆಯ ಅಂಗವೈಕಲ್ಯಗಳಲ್ಲಿ ಆಟಿಸಂ ಕೂಡ ಒಂದು. ನ್ಯಾಷನಲ್ ಟ್ರಸ್ಟ್‌ನ ನಿರಾಮಯ ವಿಮೆಯಲ್ಲಿ ವರ್ಷಕ್ಕೆ 1 ಲಕ್ಷ ರೂಪಾಯಿವರೆಗಿನ ರಕ್ಷಣೆಯಿದೆ, ಥೆರಪಿಯ ಖರ್ಚೂ ಅದರಲ್ಲಿ ಸೇರುತ್ತದೆ.

ಆದರೆ ಥೆರಪಿ ಒಂದು ಸಲ ಚುಚ್ಚಿ ಮುಗಿಯುವ ಲಸಿಕೆಯಲ್ಲ. ವಾರ ವಾರವೂ, ವರ್ಷಗಟ್ಟಲೆ ನಡೆಯಬೇಕು. ತೇನಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಇರುವುದು ಮದುರೆ ರಸ್ತೆಯ ಕ.ವಿಲಕ್ಕಿನಲ್ಲಿ. ಕಂಬಂನಿಂದ ಅಲ್ಲಿಗೆ ಸುಮಾರು 50 ಕಿಲೋಮೀಟರ್. ಮದುರೆಗೇ ಹೋಗಬೇಕೆಂದರೆ 100 ಕಿಲೋಮೀಟರ್ ದಾಟುತ್ತದೆ. ರೈಲು 2023ರಲ್ಲಿ ಬೋಡಿನಾಯಕನೂರಿನವರೆಗೆ ಬಂತು, ಕಂಬಂಗೆ ಬರಲಿಲ್ಲ. ಬಸ್ಸಿನ ಸದ್ದು, ನೂಕುನುಗ್ಗಲು ತಾಳಲಾರದೆ ಕಿರುಚುವ ಮಗುವನ್ನು ಹಿಡಿದುಕೊಂಡು, ಸಹಪ್ರಯಾಣಿಕರ ನೋಟ ನುಂಗಿಕೊಂಡು ತಾಯಿ ಅಷ್ಟು ದೂರ ಹೋಗಬೇಕು. ಮುಕ್ಕಾಲು ಗಂಟೆಯ ಥೆರಪಿಗೆ ಒಂದು ದಿನದ ಕೂಲಿ ಹೋಗುತ್ತದೆ. ಮೂರು ತಿಂಗಳಲ್ಲಿ ಅವಳು ಹೋಗುವುದನ್ನು ನಿಲ್ಲಿಸಿದರೆ, ತಾಯಿಗೆ ಅರಿವಿಲ್ಲ ಎಂದು ಬರೆದುಕೊಳ್ಳುವುದು ಅನ್ಯಾಯ.

ತಾಯಿಯ ಮೇಲೆ ತಪ್ಪು ಹೊರಿಸುವುದು ಹಳೆಯ ಚಾಳಿ. ಅಮೆರಿಕದಲ್ಲೂ 1950-60ರ ದಶಕದಲ್ಲಿ ತಾಯಿಗೆ ಅಕ್ಕರೆ ಸಾಲದ್ದರಿಂದಲೇ ಮಗು ಹೀಗಾಯಿತು ಎಂದು ದೊಡ್ಡ ವಿದ್ವಾಂಸರೇ ನಂಬಿದ್ದರು. ಆಟಿಸಂ ಇದ್ದ ಮಗನ ತಂದೆ, ಮನಶ್ಶಾಸ್ತ್ರಜ್ಞ ಬರ್ನಾರ್ಡ್ ರಿಮ್ಲೆಂಡ್ 1964ರಲ್ಲಿ ಪುಸ್ತಕ ಬರೆದು ಅದನ್ನು ಅಲ್ಲಗಳೆದರು.

ಎರಡು ಭಾಷೆಯ ಮನೆಗಳಿಗೆ ಇನ್ನೊಂದು ಪೆಟ್ಟು ಕಾದಿರುತ್ತದೆ. ‘ಒಂದೇ ಭಾಷೆ ಮಾತಾಡಿ, ಮಗುವಿಗೆ ಗೊಂದಲವಾಗುತ್ತದೆ’ ಎಂಬ ಸಲಹೆ ಜಗತ್ತಿನ ಅನೇಕ ಕಡೆ ಇಂಥ ಕುಟುಂಬಗಳಿಗೆ ಸಿಗುತ್ತಲೇ ಇದೆ. ಕಣಿವೆಯಲ್ಲಿ ಆ ಮಾತು ಕೇಳಿದರೆ ಬಿಟ್ಟುಹೋಗುವುದು ಕನ್ನಡವೇ. ಸಲಹೆಗೆ ಆಧಾರವಿಲ್ಲ. ಕೆನಡಾದ ಹ್ಯಾಂಬ್ಲಿ ಮತ್ತು ಫೋಂಬೋನ್ ಆಟಿಸಂ ಇರುವ 75 ಮಕ್ಕಳನ್ನು ಗಮನಿಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಕೇಳಿ ಬೆಳೆದವರು ಒಂದೇ ಭಾಷೆಯವರಿಗಿಂತ ಹಿಂದೆ ಬಿದ್ದಿರಲಿಲ್ಲ. ನಷ್ಟವಾಗುವುದು ಬೇರೆ ಕಡೆ. ಹಗಲೆಲ್ಲ ಜತೆಗಿರುವ ಅಜ್ಜಿ ತನಗೆ ಸಲೀಸಲ್ಲದ ತಮಿಳಿನಲ್ಲಿ ಮಗುವಿನೊಡನೆ ಎಷ್ಟು ಮಾತಾಡಿಯಾಳು? ಮಾತು ಕಮ್ಮಿಯಿರುವ ಮಗುವಿನ ಕಿವಿಗೆ ಬೀಳುವ ಮಾತೂ ಕಮ್ಮಿಯಾಗುತ್ತದೆ.

ತಪಾಸಣೆಯಲ್ಲೂ ಇದೇ ತೊಡಕು. ಅಂಗವೈಕಲ್ಯದ ಪ್ರಮಾಣಪತ್ರಕ್ಕೆ ಬಳಸುವ ಭಾರತೀಯ ಮಾಪನ, ಐಎಸ್‌ಎಎಯಲ್ಲಿ 40 ಅಂಶಗಳಿವೆ. ಆರು ವಿಭಾಗಗಳಲ್ಲಿ ಮಾತು ಮತ್ತು ಸಂವಹನದ್ದು ಒಂದು. ಮಗು ‘ಹಾಲು’ ಎಂದಾಗ, ‘ಪಾಲ್’ ಎಂಬ ತಮಿಳು ಮಾತನ್ನಷ್ಟೇ ನಿರೀಕ್ಷಿಸುವ ಕಿವಿಗೆ ಅದು ಬರೀ ಸದ್ದಾಗಿ ಕೇಳಿಸಬಹುದು.

ತಮಿಳುನಾಡಿಗೆ ಇದನ್ನು ಸರಿಪಡಿಸುವ ಶಕ್ತಿಯಿದೆ. 2021ರ ಆಗಸ್ಟ್‌ನಲ್ಲಿ ಶುರುವಾದ ‘ಮಕ್ಕಳೈ ತೇಡಿ ಮರುತ್ತುವಂ’ ಯೋಜನೆ ಸಕ್ಕರೆ ಕಾಯಿಲೆ, ರಕ್ತದೊತ್ತಡದ ಮಾತ್ರೆಗಳನ್ನು ಮನೆಬಾಗಿಲಿಗೇ ಮುಟ್ಟಿಸಿತು, ಫಿಸಿಯೋಥೆರಪಿಯನ್ನೂ ಒಯ್ದಿತು. ವಿಶ್ವಬ್ಯಾಂಕ್ ನೆರವಿನ ‘ರೈಟ್ಸ್’ ಯೋಜನೆ ಅಂಗವಿಕಲರಿಗಾಗಿ ‘ವಿಳುದುಗಳ್’ ಎಂಬ ಸೇವಾ ಕೇಂದ್ರಗಳನ್ನು ತೆರೆಯುತ್ತಿದೆ. ಆ ತಮಿಳು ಪದಕ್ಕೆ ಆಲದ ಬಿಳಲುಗಳು ಎಂದರ್ಥ. ಬಿಳಲು ಕಂಬಂ, ಗೂಡಲೂರಿನವರೆಗೂ ಇಳಿಯಲಿ. ತೋಟದ ಜೀಪು ವಾಪಸಾಗುವ ಸಂಜೆಯ ಹೊತ್ತಿನಲ್ಲೂ ಬಾಗಿಲು ತೆರೆದಿರಲಿ. ಅಲ್ಲಿಗೆ ಅಜ್ಜಿಯನ್ನೂ ಕರೆಸಿ, ಮಗು ಮನೆಯಲ್ಲಿ ಯಾವ ಯಾವ ಮಾತು ಕೇಳುತ್ತದೆ, ಹಸಿವಾದರೆ ಏನನ್ನುತ್ತದೆ, ಬೇಡವಾದರೆ ಏನು ಮಾಡುತ್ತದೆ ಎಂದು ಮೊದಲ ದಿನವೇ ಕೇಳಿ ಬರೆದುಕೊಳ್ಳಬೇಕು. ಥೆರಪಿಸ್ಟ್‌ಗೆ ಕನ್ನಡದ ಅಕ್ಷರ ಬರಬೇಕಿಲ್ಲ. ಆ ಮಾತುಗಳನ್ನು ತಮಿಳು ಲಿಪಿಯಲ್ಲೇ ಗುರುತು ಹಾಕಿಕೊಂಡರೆ ಸಾಕು, ಮನೆಯವರೂ ಓದಬಲ್ಲರು.