ಎಂಜಿನ್ ಬದಲಾಗಲಿ, ಊರಿನ ಬಸ್ಸು ಉಳಿಯಲಿ

ಎರಡನೆಯ ಮಹಾಯುದ್ಧದ ಕಾಲದಲ್ಲಿ ಪೆಟ್ರೋಲು ದುರ್ಲಭವಾದಾಗ ನಮ್ಮ ಕರಾವಳಿಯ ಬಸ್ಸುಗಳು ಇದ್ದಿಲಿನ ಗ್ಯಾಸಿನಿಂದ ಓಡಿದ ಕಥೆಯನ್ನು ವಾಚಕರಲ್ಲಿ ಹಲವರು ಹಿರಿಯರ ಬಾಯಿಂದ ಕೇಳಿರಬಹುದು. ಬಸ್ಸಿನ ಹಿಂಬದಿಗೆ ಜೋಡಿಸಿದ ಒಲೆಯಲ್ಲಿ ಇದ್ದಿಲು ಉರಿಸಿ, ಅದರ ಅನಿಲವನ್ನು ಎಂಜಿನ್ನಿಗೆ ಹಾಯಿಸಲಾಗುತ್ತಿತ್ತು. ಹೊರಡುವ ಮುನ್ನ ಕ್ಲೀನರ್ ಬೆವರು ಸುರಿಸಿ ಗಾಳಿ ಊದಬೇಕು; ಏರು ಎದುರಾದರೆ ಪ್ರಯಾಣಿಕರು ಇಳಿದು ನಡೆಯಬೇಕು. ಪರ್ಯಾಯ ಎಂಜಿನ್ ನಮಗೆ ಹೊಸ ವಿಚಾರವೇನಲ್ಲ. ಅಂದು ಅದನ್ನು ತಂದುದು ಅಭಾವ. ಇಂದು ವಿವೇಚಿಸಿ ಆರಿಸಿಕೊಳ್ಳಲು ನಮಗೆ ಅವಕಾಶವಿದೆ.

2023ರ ಜನವರಿಯಲ್ಲಿ ರಾಜ್ಯ ರಸ್ತೆ ಸಾರಿಗೆ ನಿಗಮವು ಬೆಂಗಳೂರು–ಮೈಸೂರು ನಡುವೆ ವಿದ್ಯುತ್ ಬಸ್ಸು ಓಡಿಸತೊಡಗಿತು. ಬೆಂಗಳೂರು ನಗರದಲ್ಲಿ ಇಂಥ ಬಸ್ಸುಗಳ ಸಂಖ್ಯೆ ಸಾವಿರ ದಾಟಿದೆ. ಡೀಸೆಲ್ ಎಂಜಿನ್ ತಾನು ಕುಡಿದ ಎಣ್ಣೆಯ ಶಕ್ತಿಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಬರೀ ಶಾಖವಾಗಿ ಹೊರಚೆಲ್ಲುತ್ತದೆ. ವಿದ್ಯುತ್ ಮೋಟಾರು ತನಗಿತ್ತ ಶಕ್ತಿಯಲ್ಲಿ ಶೇ. 90ರಷ್ಟನ್ನು ಚಲನೆಯಾಗಿ ಪರಿವರ್ತಿಸಬಲ್ಲದು. ಬ್ರೇಕು ಹಾಕಿದಾಗ ವ್ಯರ್ಥವಾಗುವ ಶಕ್ತಿಯ ಒಂದಂಶವೂ ಬ್ಯಾಟರಿಗೆ ಮರಳುತ್ತದೆ. ಗೇಟು ಗೇಟಿಗೂ ನಿಲ್ಲುವ ನಮ್ಮ ಬಸ್ಸುಗಳಿಗೆ ಇದು ಸಣ್ಣ ಲಾಭವಲ್ಲ.

ಆದರೆ ಆ ವಿದ್ಯುತ್ತು ಎಲ್ಲಿಂದ ಬರುತ್ತದೆ? ಹಟ್ಟಿಯಂಗಡಿಯ ಪಕ್ಕದಲ್ಲಿ ಹರಿಯುವ ವಾರಾಹಿಯ ನೀರು ಹೊಸಂಗಡಿಯ ಭೂಗರ್ಭ ವಿದ್ಯುದಾಗಾರದಲ್ಲಿ ಯಂತ್ರ ತಿರುಗಿಸಿಯೇ ಇಳಿದು ಬರುತ್ತದೆ. ಅದರ ಸಾಮರ್ಥ್ಯ 460 ಮೆಗಾವ್ಯಾಟ್. ಇದೇ ಜಿಲ್ಲೆಯ ನಂದಿಕೂರಿನಲ್ಲಿ 1200 ಮೆಗಾವ್ಯಾಟಿನ ಉಷ್ಣ ಸ್ಥಾವರವು ವಿದೇಶೀ ಕಲ್ಲಿದ್ದಲನ್ನು ಸುಡುತ್ತದೆ. ಅಲ್ಲಿಯೂ ಕಲ್ಲಿದ್ದಲಿನ ಶಕ್ತಿಯ ಬಹುಭಾಗ ಶಾಖವಾಗಿಯೇ ಹೋಗುತ್ತದೆ. ಅಂದರೆ ಬಸ್ಸಿನ ಹೊಗೆ ನಂದಿಕೂರಿನ ಚಿಮಣಿಗೆ ವರ್ಗವಾದರೆ ಸಾಲದು.

ಗುರುಮಠದಲ್ಲಿ ನಾವು ಅರಿಸ್ಟಾಟಲನ ನಾಲ್ಕು ಕಾರಣಗಳನ್ನು ಬಾಯಿಪಾಠ ಮಾಡಿದವರು. ಎಂಜಿನ್ ಕುರಿತ ಚರ್ಚೆಯೆಲ್ಲ ನಿಮಿತ್ತ ಕಾರಣದ ಸುತ್ತಲೇ ಸುತ್ತುತ್ತಿದೆ. ಬಸ್ಸು ಯಾರಿಗಾಗಿ, ಯಾತಕ್ಕಾಗಿ ಎಂಬ ಪ್ರಯೋಜನ ಕಾರಣವನ್ನು ಕೇಳುವವರು ಕಡಿಮೆ. ಐವತ್ತು ಜನರನ್ನು ಹೊತ್ತ ಹಳೆಯ ಡೀಸೆಲ್ ಬಸ್ಸು, ಒಬ್ಬೊಬ್ಬರನ್ನೇ ಹೊತ್ತ ಐವತ್ತು ಕಾರುಗಳಿಗಿಂತ ತಲೆಗೆ ಎಷ್ಟೋ ಪಾಲು ಕಡಿಮೆ ಎಣ್ಣೆ ಸುಡುತ್ತದೆ. ಸಂಜೆಯ ಕೊನೆಯ ಟ್ರಿಪ್ಪು ನಿಂತ ಊರಿನಲ್ಲಿ ಮನೆಗೊಂದು ಸ್ಕೂಟರು ಬರುತ್ತದೆ. ಸ್ಕೂಟರು ಬಿಡಲಾರದ ಅಜ್ಜಿ, ಕಾಲೇಜಿನ ಹುಡುಗಿ, ಮೀನು ಮಾರುವಾಕೆ ಆಟೋಗೆ ಹಣ ಹೊಂದಿಸಬೇಕಾಗುತ್ತದೆ.

ಕೇಂದ್ರ ಸರಕಾರ 2023ರ ಆಗಸ್ಟಿನಲ್ಲಿ ಒಪ್ಪಿದ ಇ-ಬಸ್ ಸೇವಾ ಯೋಜನೆಯು ಹತ್ತು ಸಾವಿರ ಬಸ್ಸುಗಳ ಮಾತಾಡುತ್ತದೆ. ಆದರೆ ಅದರ ಮುಖ್ಯ ಅಳತೆಗೋಲು 3 ಲಕ್ಷ ಜನಸಂಖ್ಯೆಯ ನಗರ. ಮಂಗಳೂರು ಆ ಲೆಕ್ಕಕ್ಕೆ ಸಿಗುತ್ತದೆ, ಕುಂದಾಪುರ ಸಿಗುವುದಿಲ್ಲ. ನಮ್ಮ ಜಿಲ್ಲೆಯ ಸಂಚಾರದ ಭಾರವನ್ನು ಬಹುಪಾಲು ಹೊತ್ತವರು ಖಾಸಗಿ ಮಾಲಕರು. 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯ ಉಚಿತ ಪ್ರಯಾಣವೂ ಸರಕಾರಿ ಬಸ್ಸಿಗೇ ಸೀಮಿತ. ಎರಡು ಬಸ್ಸಿನ ಮಾಲಕನೊಬ್ಬ ಡೀಸೆಲ್ ಬಸ್ಸಿನ ಎರಡು ಮೂರು ಪಟ್ಟು ಬೆಲೆಯ ವಿದ್ಯುತ್ ಬಸ್ಸನ್ನು ಯಾವ ಧೈರ್ಯದಿಂದ ಕೊಳ್ಳಬೇಕು? ಸಾಲ ಮಾಡಿ ಕೊಂಡರೂ, ಕಂತು ತೀರಿಸಲು ಅದನ್ನು ಹೆದ್ದಾರಿಯಲ್ಲೇ ಓಡಿಸಿಯಾನು. ಒಳದಾರಿಯ ಟ್ರಿಪ್ಪು ಕಡಿದುಹೋಗುತ್ತದೆ.

ಜಗದ್ಗುರು ಪೋಪ್ ಫ್ರಾನ್ಸಿಸ್ ಅವರು 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಸಾರ್ವಜನಿಕ ಸಾರಿಗೆಗೆ ಆದ್ಯತೆ ನೀಡಬೇಕೆಂಬ ಅಭಿಪ್ರಾಯವನ್ನು ಎತ್ತಿ ಹೇಳಿದರು. ಕಿಕ್ಕಿರಿದ, ಅಪರೂಪಕ್ಕೊಮ್ಮೆ ಬರುವ ವಾಹನಗಳಲ್ಲಿ ಜನರ ಘನತೆಗೆ ಆಗುವ ಧಕ್ಕೆಯನ್ನೂ, ಅದರ ಬೆನ್ನಿಗೇ ಗ್ರಾಮೀಣರಿಗೆ ಅವಶ್ಯ ಸೇವೆಗಳು ದೊರೆಯದ ಕೊರತೆಯನ್ನೂ ಗುರುತಿಸಿದರು. ನಗರದ ಗಾಳಿ ಶುದ್ಧವಾಗುವ ವೆಚ್ಚವನ್ನು ಹಳ್ಳಿಯ ಪ್ರಯಾಣಿಕ ತೆರುವುದು ಈ ಬೋಧನೆಗೆ ಒಪ್ಪುವ ನ್ಯಾಯವಲ್ಲ.

ಮಾಡಬಹುದಾದ ಕೆಲಸವೂ ಇದೆ. ನೆರವನ್ನು ನಗರದ ಜನಸಂಖ್ಯೆಗೆ ಕಟ್ಟಿಹಾಕದೆ, ಒಳದಾರಿಯಲ್ಲಿ ಓಡಿದ ಕಿಲೋಮೀಟರಿಗೆ ಕೊಡಬಹುದು. ಕುಂದಾಪುರದಲ್ಲಿ ರಾತ್ರಿ ತಂಗುವ ಬಸ್ಸುಗಳಿಗೆ ಅಲ್ಲಿಯೇ ಚಾರ್ಜಿಂಗ್ ವ್ಯವಸ್ಥೆ ಮಾಡಬಹುದು. ಪರ್ಮಿಟ್ಟು ನೀಡುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನಿಂತುಹೋದ ಟ್ರಿಪ್ಪುಗಳ ವೇಳಾಪಟ್ಟಿಯನ್ನು ವಾಳೆಯ ಗುರಿಕಾರರು ಮನೆಮನೆ ವಿಚಾರಿಸಿ ಬರೆದುಕೊಂಡು, ನೆರೆಯ ಅನ್ಯಧರ್ಮೀಯ ಬಾಂಧವರ ಸಹಿಯನ್ನೂ ಪಡೆದು, ಅವರ ಕಚೇರಿಗೆ ಸಲ್ಲಿಸಬಹುದು.