ಜಂಗಮನ ಹಾಡು ಕುಣಿತದ ಸಂತೆಗೆ

2020ರ ಆಗಸ್ಟ್ ತಿಂಗಳಲ್ಲಿ, ಗಣೇಶ ಚತುರ್ಥಿಯ ಸಮಯಕ್ಕೆ ಸರಿಯಾಗಿ, ಚಂದನ್ ಶೆಟ್ಟಿಯವರ ‘ಕೋಲುಮಂಡೆ’ ಎಂಬ ರ‍್ಯಾಪ್ ಗೀತೆ ಯೂಟ್ಯೂಬಿನಲ್ಲಿ ಹೊರಬಿದ್ದಿತು. ಲಕ್ಷಗಟ್ಟಲೆ ಮಂದಿ ಅದನ್ನು ನೋಡಿ ತಲೆದೂಗಿದರು. ಅಷ್ಟೇ ಶೀಘ್ರವಾಗಿ ಚಾಮರಾಜನಗರದ ಕಡೆಯಿಂದ ಆಕ್ಷೇಪದ ಧ್ವನಿಯೂ ಎದ್ದಿತು. ಹಾಡುಗಾರರು ಬಹಿರಂಗವಾಗಿ ಕ್ಷಮೆ ಬೇಡಿದರು, ದೃಶ್ಯಗೀತೆಯನ್ನು ಹಿಂತೆಗೆದುಕೊಳ್ಳಲಾಯಿತು. ಜನಪ್ರಿಯತೆಯ ಏಣಿಯನ್ನು ಓಡೋಡಿ ಹತ್ತಿದ ಹಾಡು ಅದೇ ವೇಗದಲ್ಲಿ ಇಳಿದುಬಂದದ್ದು ಹೀಗೆ.

ಕೋಲುಮಂಡೆ ಹಾಡು ಯಾರದು? ಅದು ಮಲೆಯ ಮಾದಪ್ಪನ ಗುಡ್ಡರದು. ಚಾಮರಾಜನಗರ, ಗುಂಡ್ಲುಪೇಟೆ, ಕೊಳ್ಳೇಗಾಲದ ಸೀಮೆಯಲ್ಲಿ ದೀಕ್ಷೆ ಪಡೆದು, ಕಂಚಿನ ಕಂಸಾಳೆ ಹಿಡಿದು ಮನೆಮನೆಯ ಮುಂದೆ ಹಾಡುವವರು ಅವರು. ಎಡಗೈಯಲ್ಲಿ ಬಟ್ಟಲಿನಂಥ ತಾಳ, ಬಲಗೈಯಲ್ಲಿ ದಾರಕ್ಕೆ ಕಟ್ಟಿದ ಚಪ್ಪಟೆಯ ತಾಳ. ಅದನ್ನು ಬೀಸಿ ಬಡಿದು, ಬಗ್ಗಿ ತಿರುಗಿ ಕುಣಿಯುವಾಗ ನೋಡುವವರ ಕಾಲೂ ಸುಮ್ಮನಿರುವುದಿಲ್ಲ. ಆದ್ದರಿಂದ ಮಾದಪ್ಪನ ಹಾಡಿಗೆ ಕುಣಿಯುವುದೇ ಅಪಚಾರವೆಂದು ಯಾರೂ ಹೇಳಲಾರರು. ಹೆಬ್ಬಣಿ ಮಾದಯ್ಯನವರ ಮೇಳ ಹಾಡಿದ ಈ ಮಹಾಕಾವ್ಯವನ್ನು ಕೆ. ಕೇಶವನ್ ಪ್ರಸಾದ್ ಸಂಗ್ರಹಿಸಿದ್ದಾರೆ. 2001ರಲ್ಲಿ ಸಾಹಿತ್ಯ ಅಕಾಡೆಮಿಯಿಂದ ಅದರ ಇಂಗ್ಲಿಷ್ ಅನುವಾದವೂ ಬಂದಿತು.

ಮನಸ್ಸು ನೊಂದದ್ದು ಸಂಕಮ್ಮನ ಸಲುವಾಗಿ. ಕಾಡಿಗೆ ಹೊರಟ ಗಂಡ ನೀಲೇಗೌಡ, ತಾನು ಬರುವವರೆಗೆ ಶೀಲಗೆಡುವುದಿಲ್ಲವೆಂದು ಬಲಗೈ ಭಾಷೆ ಕೊಡು ಎಂದು ಹೆಂಡತಿಯನ್ನು ಕಾಡುತ್ತಾನೆ. ಆಕೆ ಕೊಡುವುದಿಲ್ಲ. ಶೀಲವನ್ನು ಕಾಪಾಡಿಕೊಳ್ಳಬಲ್ಲ ಹೆಣ್ಣು ಆಣೆಗೇಕೆ ಕೈ ಚಾಚಬೇಕು? ಹಿಂಸೆಗೂ ಸೆರೆಗೂ ಸಿಕ್ಕ ಆ ಹೆಂಗಸಿನ ಬಳಿಗೆ ಮಾದಪ್ಪ ಜಂಗಮನಾಗಿ ಬರುತ್ತಾನೆ; ಮಕ್ಕಳಿಲ್ಲದವಳಿಗೆ ಕಾರಯ್ಯ, ಬಿಲ್ಲಯ್ಯರೆಂಬ ಮಕ್ಕಳನ್ನು ಕರುಣಿಸುತ್ತಾನೆ. ಮಲೆಸೀಮೆಯ ಹೆಣ್ಣುಮಕ್ಕಳು ಆಕೆಯನ್ನು ‘ಶರಣೆ’ ಎಂದು ಕರೆಯುವುದು ಸುಮ್ಮನೆ ಅಲ್ಲ. ಅಂಥವಳನ್ನು ಮೋಜಿನ ಕುಣಿತದ ಬೆಡಗಿಯ ವೇಷದಲ್ಲಿ ನಿಲ್ಲಿಸಿದಾಗ ಭಕ್ತರು ಸಿಟ್ಟಾದದ್ದರಲ್ಲಿ ಆಶ್ಚರ್ಯವೇನು? ಗಂಡನ ಸಂಶಯವನ್ನು ಜಯಿಸಿದವಳಿಗೆ ಕ್ಯಾಮರಾದ ಕಣ್ಣಿನಿಂದ ಮತ್ತೊಂದು ಪರೀಕ್ಷೆ ಬಂದಂತಾಯಿತು.

ಇದೇ ಹಾಡು 1996ರಲ್ಲಿ ಟಿ. ಎಸ್. ನಾಗಾಭರಣರ ‘ಜನುಮದ ಜೋಡಿ’ ಚಿತ್ರವನ್ನು ಸೇರಿತ್ತು. ವಿ. ಮನೋಹರ್ ಅವರ ಸಂಗೀತ, ಎಲ್. ಎನ್. ಶಾಸ್ತ್ರಿಯವರ ಕಂಠ. ಶಾಸ್ತ್ರಿಗಳಿಗೆ ಅದು ರಾಜ್ಯಪ್ರಶಸ್ತಿಯನ್ನೇ ತಂದಿತು. ಅಲ್ಲಿಯೂ ವಾದ್ಯಗಳು ಬದಲಾಗಿದ್ದವು, ಅಲ್ಲಿಯೂ ಹಣದ ವ್ಯವಹಾರವಿತ್ತು. ಆದರೆ ಭಿಕ್ಷೆಗೆ ಬಂದ ಜಂಗಮ ಜಂಗಮನಾಗಿಯೇ ಉಳಿದಿದ್ದ.

ಹಳೆಯ ಹಾಡಿನ ತುಣುಕನ್ನು ಹೊಸತಕ್ಕೆ ಹೊಲಿಯುವುದು ಹಿಪ್‌ಹಾಪಿನ ಹುಟ್ಟುಗುಣ. 1973ರ ಆಗಸ್ಟ್ 11ರಂದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ ನಡೆದ ಸಂತೋಷಕೂಟವೊಂದರಿಂದ ಈ ಕಲೆಯ ಜನ್ಮವನ್ನು ಎಣಿಸುವುದುಂಟು. ಅಲ್ಲಿ ತಟ್ಟೆ ತಿರುಗಿಸಿದ ಕೂಲ್ ಹರ್ಕ್ ಎಂಬಾತ ಜನ ಮೆಚ್ಚಿ ಕುಣಿಯುವ ತಾಳದ ತುಣುಕನ್ನು ಮತ್ತೆ ಮತ್ತೆ ನುಡಿಸಿ ಲಂಬಿಸುವ ಉಪಾಯವನ್ನು ರೂಢಿಸಿದ. 1979ರ ‘ರ‍್ಯಾಪರ್ಸ್ ಡಿಲೈಟ್’ ಎಂಬ ಹಾಡು ‘ಶೀಕ್’ ವಾದ್ಯವೃಂದದ ‘ಗುಡ್ ಟೈಮ್ಸ್’ ಗೀತೆಯ ಲಯವನ್ನು ಎತ್ತಿಕೊಂಡು ಅಮೆರಿಕದ ಜನಪ್ರಿಯ ಗೀತೆಗಳ ಪಟ್ಟಿಯಲ್ಲಿ 36ನೆಯ ಸ್ಥಾನಕ್ಕೇರಿತು. ಮೂಲ ರಚನಕಾರರಾದ ನೈಲ್ ರಾಜರ್ಸ್, ಬರ್ನಾರ್ಡ್ ಎಡ್ವರ್ಡ್ಸ್ ತಕರಾರು ತೆಗೆದರು. ರಚನಕಾರರ ಹೆಸರಿನಲ್ಲಿ ಅವರ ಹೆಸರೂ ಸೇರಿತು.

ಅಲ್ಲಿ ತಕರಾರು ತೆಗೆಯಲು ಇಬ್ಬರು ರಚನಕಾರರಿದ್ದರು. ಕೋಲುಮಂಡೆಗೆ ಅಂಥವರಾರು? ಅದಕ್ಕೆ ಅಂಕಿತವಿಲ್ಲ, ಕಂಠದಿಂದ ಕಂಠಕ್ಕೆ ಹರಿದದ್ದು. ಕಾನೂನಿನ ಕಣ್ಣಿಗೆ ಅದು ಯಾರ ಸೊತ್ತೂ ಅಲ್ಲ. ಹಾಗಾಗಿ ಎಲ್ಲರ ಕೈಗೂ ಸಲೀಸು. ಈ ಗದ್ದಲದಲ್ಲಿ ವೇಷಭೂಷಣದ ಮಾತು ಬೇಕಾದಷ್ಟಾಯಿತು. ಆ ಹಾಡನ್ನು ಶತಮಾನಗಳ ಕಾಲ ಬಿಸಿಲಿನಲ್ಲಿ ಹೊತ್ತು ತಿರುಗಿದ ಗುಡ್ಡನ ಜೋಳಿಗೆಗೆ ಏನು ಬಿದ್ದಿತು ಎಂಬ ಮಾತು ಮಾತ್ರ ಅಷ್ಟು ಗಟ್ಟಿಯಾಗಿ ಕೇಳಿಬರಲಿಲ್ಲ. ದೃಶ್ಯಗೀತೆ ಬಂದಾಗಲೂ ಅದು ಬರಿದು, ಹೋದಾಗಲೂ ಬರಿದು.